ಬಸುರಿ, ಬಾಣಂತಿ ಪರವಾಗಿ ಕೇಳೋದು ಹೇಗೆ? ತಾಯಿ ಕಾರ್ಡಿನಿಂದ ದೂರು ಅರ್ಜಿಯವರೆಗೆ

"ನಮ್ಮಕ್ಕ ಬಸುರಿ. ಆಸ್ಪತ್ರೆಯಲ್ಲಿ ಏನು ಕೇಳಬೇಕು, ಯಾರನ್ನ ಕೇಳಬೇಕು?" ಮದ್ದೂರು, ಪಾಂಡವಪುರ, ತಿ. ನರಸೀಪುರ, ಎಚ್.ಡಿ. ಕೋಟೆ, ಎಲ್ಲ ಕಡೆಯ ಓದುಗರೂ ನನ್ನನ್ನು ಕೇಳುವ ಪ್ರಶ್ನೆ ಇದು. ಕೇಳುವವರು ಹೆಚ್ಚಾಗಿ ತಂಗಿ, ನಾದಿನಿ, ಸ್ತ್ರೀಶಕ್ತಿ ಸಂಘದ ಗೆಳತಿ, ಅಪರೂಪಕ್ಕೆ ಗಂಡ. ಬಸುರಿ ತಾನೇ ಕೇಳೋದು ಕಮ್ಮಿ. ಅವಳಿಗೆ ವಾಂತಿ, ಸುಸ್ತು, ಮುಗಿಯದ ಮನೆಗೆಲಸ. ಅದರ ಮೇಲೆ "ನಾವೆಲ್ಲ ಹೆತ್ತಿಲ್ವಾ" ಅನ್ನೋ ಮಾತು. ಅವಳ ಪರವಾಗಿ ಕೇಳೋಕೆ ಒಬ್ಬರು ಬೇಕು. ಆ ಒಬ್ಬರು ನೀವಾಗಿದ್ದರೆ ಈ ಬರಹ ನಿಮಗೆ.

ಮೊದಲು ಒಂದು ಲೆಕ್ಕ ನೋಡಿ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರಲ್ಲಿ ಜಗತ್ತಿನಲ್ಲಿ ಸುಮಾರು 2 ಲಕ್ಷದ 87 ಸಾವಿರ ಹೆಂಗಸರು ಬಸಿರು, ಹೆರಿಗೆಯ ತೊಂದರೆಗಳಿಂದ ಸತ್ತರು. ಅದರಲ್ಲಿ ನೂರಕ್ಕೆ 95ರಷ್ಟು ಸಾವು ಬಡ ದೇಶಗಳಲ್ಲಿ ಮತ್ತು ನಮ್ಮಂತಹ ಕೆಳ ಮಧ್ಯಮ ಆದಾಯದ ದೇಶಗಳಲ್ಲಿ. ಕರ್ನಾಟಕದಲ್ಲಿ 2018-20ರ ಸರ್ಕಾರಿ ಲೆಕ್ಕದ ಪ್ರಕಾರ ಒಂದು ಲಕ್ಷ ಮಕ್ಕಳು ಜೀವಂತ ಹುಟ್ಟಿದರೆ 69 ತಾಯಂದಿರು ಸಾಯುತ್ತಿದ್ದರು. ಅದೇ ಲೆಕ್ಕದಲ್ಲಿ ಕೇರಳದಲ್ಲಿ 19. ಎಚ್.ಡಿ. ಕೋಟೆ ಕಾಡು ದಾಟಿದರೆ ಕೇರಳ. ಅಲ್ಲಿ ಉಳಿಯುವ ಜೀವ ಇಲ್ಲಿ ಯಾಕೆ ಉಳಿಯಬಾರದು?

ಈ ಸಾವುಗಳ ಹಿಂದೆ ಮೂರು ತಡ ಇರುತ್ತದೆ ಅಂತ ತಜ್ಞರು ಹೇಳುತ್ತಾರೆ. ಆಸ್ಪತ್ರೆಗೆ ಹೋಗೋಣ ಅಂತ ಮನೆಯವರು ತೀರ್ಮಾನ ಮಾಡೋದರಲ್ಲಿ ತಡ. ಆಸ್ಪತ್ರೆ ತಲುಪೋದರಲ್ಲಿ ತಡ. ತಲುಪಿದ ಮೇಲೆ ಚಿಕಿತ್ಸೆ ಸಿಗೋದರಲ್ಲಿ ತಡ. ಮುಂದೆ ಹೇಳುವ ಪ್ರತಿ ಹಂತವೂ ಈ ಮೂರರಲ್ಲಿ ಯಾವುದೋ ಒಂದನ್ನು ಕಮ್ಮಿ ಮಾಡೋಕೇ ಇರುವುದು.

ಮೊದಲು ಕೈಯಲ್ಲಿ ಏನಿರಬೇಕು?

ಜಾಸ್ತಿ ಏನೂ ಬೇಡ. ತಾಯಿ ಕಾರ್ಡ್ (ಹೆಸರು ಬರೆಸಿದಾಗ ಕೊಡುವ, ತಪಾಸಣೆಯ ವಿವರ ಬರೆಯುವ ಕಾರ್ಡ್), ಬಸುರಿಯ ಆಧಾರ್, ಅವಳ ಹೆಸರಿನ ಬ್ಯಾಂಕ್ ಪಾಸ್‌ಬುಕ್, ರೇಷನ್ ಕಾರ್ಡ್, ಪರಿಶಿಷ್ಟ ಜಾತಿ ಅಥವಾ ಪಂಗಡದವರಾದರೆ ಜಾತಿ ಪ್ರಮಾಣಪತ್ರ. ಎಲ್ಲದರ ಎರಡೆರಡು ಜೆರಾಕ್ಸ್ ಒಂದು ಪ್ಲಾಸ್ಟಿಕ್ ಕವರಿನಲ್ಲಿ. ಜೊತೆಗೆ 40 ಪುಟದ ಒಂದು ನೋಟ್‌ಬುಕ್, ಒಂದು ಪೆನ್ನು. ನೋಟ್‌ಬುಕ್ ಯಾಕೆ ಅನ್ನೋದು 6ನೇ ಹಂತದಲ್ಲಿ ಗೊತ್ತಾಗುತ್ತದೆ.

ಹಂತ 1: ಬಸಿರಿನ ಮೊದಲ 12 ವಾರದೊಳಗೆ ಹೆಸರು ಬರೆಸಿ

ಊರಿನ ಆಶಾ ಕಾರ್ಯಕರ್ತೆಗೆ ಅಥವಾ ಉಪಕೇಂದ್ರದ ಸಿಸ್ಟರ್‌ಗೆ ಹೇಳಿದರೆ ಸಾಕು. ಹೆಸರು ಬರೆದುಕೊಂಡು ತಾಯಿ ಕಾರ್ಡ್ ಕೊಡುತ್ತಾರೆ. ದುಡ್ಡು ಕೊಡಬೇಕಿಲ್ಲ. ಅಂಗನವಾಡಿಯಲ್ಲೂ ಅವತ್ತೇ ಹೆಸರು ಬರೆಸಿ.

ಇಲ್ಲಿ ಆಗುವ ತಪ್ಪು ಒಂದೇ, "ಮೂರು ತಿಂಗಳು ತುಂಬಲಿ, ಯಾರಿಗೂ ಹೇಳೋದು ಬೇಡ, ದೃಷ್ಟಿಯಾಗುತ್ತೆ" ಅಂತ ಕಾಯೋದು. ಹಿರಿಯರ ಭಯ ನನಗೆ ಅರ್ಥವಾಗುತ್ತದೆ. ಆದರೆ ಆಶಾಗೆ ಹೇಳಿದರೆ ಊರಿಗೆಲ್ಲ ಹೇಳಿದಂತಲ್ಲ. ಮೊದಲ ಮೂರು ತಿಂಗಳು ಕೊಡುವ ಫೋಲಿಕ್ ಆಮ್ಲದ ಮಾತ್ರೆ ಮಗುವಿನ ಮಿದುಳು, ಬೆನ್ನುಹುರಿ ಸರಿಯಾಗಿ ಬೆಳೆಯೋಕೆ ಬೇಕು. ಅದನ್ನು ಆಮೇಲೆ ಕೊಟ್ಟರೆ ಆ ಉಪಯೋಗ ಸಿಗುವುದಿಲ್ಲ.

ಕಬ್ಬು ಕಡಿಯೋಕೆ, ಆಲೆಮನೆ ಕೆಲಸಕ್ಕೆ ಬೇರೆ ಜಿಲ್ಲೆಯಿಂದ ಬಂದ ಬಸುರಿಯರು ನಿಮ್ಮೂರಲ್ಲಿ ಇದ್ದರೆ ಅವರನ್ನೂ ಸೇರಿಸಿ. "ಇಲ್ಲಿಯ ರೇಷನ್ ಕಾರ್ಡ್ ಇಲ್ಲ" ಅಂತ ತಪಾಸಣೆ ನಿರಾಕರಿಸುವ ಹಾಗಿಲ್ಲ. ಎಲ್ಲಿ ಇದ್ದಾರೋ ಅಲ್ಲೇ ಹೆಸರು ಬರೆಸಬಹುದು.

ಇನ್ನೊಂದು ವಿಷಯ. ಹುಡುಗಿಗೆ 18 ತುಂಬಿಲ್ಲ ಅಂದರೆ ಕಾರ್ಡಿನಲ್ಲಿ ವಯಸ್ಸು ಜಾಸ್ತಿ ಬರೆಸುವವರಿದ್ದಾರೆ. ಹಾಗೆ ಮಾಡಬೇಡಿ. ಚಿಕ್ಕ ಪ್ರಾಯದ ಹೆರಿಗೆಯಲ್ಲಿ ಅಪಾಯ ಜಾಸ್ತಿ. ವೈದ್ಯರಿಗೆ ನಿಜವಾದ ವಯಸ್ಸು ಗೊತ್ತಿರಲೇಬೇಕು. ಪೋಕ್ಸೊ, ಅಂದರೆ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಕಾಯ್ದೆಯಂತೆ ಆಸ್ಪತ್ರೆಯವರು ಪೊಲೀಸರಿಗೆ ತಿಳಿಸುತ್ತಾರೆ, ಅದು ಅವರ ಕರ್ತವ್ಯ. ಆದರೆ ಚಿಕಿತ್ಸೆ ಕೊಡಲ್ಲ ಅನ್ನುವಂತಿಲ್ಲ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿದರೆ ಜೊತೆಗೆ ಬರುವವರು ಸಿಗುತ್ತಾರೆ.

ಹಂತ 2: ಕಾರ್ಡನ್ನು ಓದಲು ಕಲಿಯಿರಿ

ಇದೇ ಎಲ್ಲಕ್ಕಿಂತ ಮುಖ್ಯವಾದ ಹಂತ. ತಾಯಿ ಕಾರ್ಡನ್ನು ಬಹಳ ಜನ ಗಾಡ್ರೇಜ್ ಬೀರುವಿನಲ್ಲಿ ಸೀರೆ ಕೆಳಗೆ ಇಟ್ಟಿರುತ್ತಾರೆ. ತಪಾಸಣೆ ದಿನ ತೆಗೆಯೋದು, ಬಂದು ಮತ್ತೆ ಅಲ್ಲೇ ಇಡೋದು. ಒಳಗೆ ಏನು ಬರೆದಿದೆ ಅಂತ ನೋಡುವವರೇ ಇಲ್ಲ.

ನನ್ನ ಚಿಕ್ಕಪ್ಪನ ಮಗಳ ಜೊತೆ ತಪಾಸಣೆಗೆ ಹೋಗಿ ಬಸ್ಸಿನಲ್ಲಿ ವಾಪಸ್ ಬರುವಾಗ ಸುಮ್ನೆ ಕಾರ್ಡ್ ಬಿಚ್ಚಿದೆ. ಬಿಪಿ ಸಾಲಿನಲ್ಲಿ ಹಿಂದಿನ ತಿಂಗಳು 110/70 ಇತ್ತು. ಅವತ್ತು ನೀಲಿ ಪೆನ್ನಲ್ಲಿ 150/100. ಬರೆದವರು ಬರೆದು ಮುಂದಿನವರನ್ನು ಕರೆದಿದ್ದರು, ಅಷ್ಟೇ. ಕೇಳಿದರೆ ಅವಳು, "ಎರಡು ದಿನದಿಂದ ತಲೆನೋವು ಕಣಕ್ಕ, ಬಿಸಿಲಿಗೆ ಇರಬೇಕು" ಅಂದಳು. ಮುಂದಿನ ಸ್ಟಾಪಿನಲ್ಲಿ ಇಳಿದು ವಾಪಸ್ ಹೋದೆವು. ಸಂಜೆಗೆ ಅಡ್ಮಿಟ್ ಮಾಡಿಕೊಂಡರು.

ನೀವು ನೋಡಬೇಕಾದ ಅಂಕಿಗಳು ಇವು.

ಬಿಪಿ: 140/90 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಅಲ್ಲೇ ವೈದ್ಯರನ್ನು ಕೇಳಿ. ಜೊತೆಗೆ ಮೂತ್ರದಲ್ಲಿ ಆಲ್ಬುಮಿನ್ ಅಂದರೆ ಪ್ರೋಟೀನ್ ಹೋಗುತ್ತಿದ್ದರೆ ಅದನ್ನೇ ನಮ್ಮ ಕಡೆ ನಂಜು ಅನ್ನೋದು. ಮುಖ ಊದಿಕೊಳ್ಳೋದು, ಕಣ್ಣು ಮಂಜಾಗೋದು, ಬಿಡದ ತಲೆನೋವು ಇದರ ಗುರುತು. ಇದು ಏರಿದರೆ ಫಿಟ್ಸ್ ಬರುತ್ತದೆ.

ಎಚ್‌ಬಿ: ಅಂದರೆ ಹಿಮೋಗ್ಲೋಬಿನ್, ರಕ್ತದ ಅಂಶ. 11ಕ್ಕಿಂತ ಕಮ್ಮಿ ಇದ್ದರೆ ರಕ್ತಹೀನತೆ. 7ಕ್ಕಿಂತ ಕೆಳಗೆ ಇದ್ದರೆ ಗಂಭೀರ, ದೊಡ್ಡ ಆಸ್ಪತ್ರೆಗೆ ಹೋಗಲೇಬೇಕು. ರಕ್ತ ಕಮ್ಮಿ ಇರುವ ತಾಯಿಗೆ ಹೆರಿಗೆಯಲ್ಲಿ ಸ್ವಲ್ಪ ರಕ್ತ ಹೋದರೂ ತಡೆಯೋ ಶಕ್ತಿ ಇರುವುದಿಲ್ಲ. ಮಾತ್ರೆಯಿಂದ ಏರದಿದ್ದರೆ ನರಕ್ಕೆ ಕೊಡುವ ಕಬ್ಬಿಣದ ಇಂಜೆಕ್ಷನ್ ಇದೆ. "ಇಂಜೆಕ್ಷನ್ ಕೊಡಬಹುದಾ ಡಾಕ್ಟ್ರೇ?" ಅಂತ ನೀವೇ ಕೇಳಿ.

ರಕ್ತದ ಗುಂಪು: ನೆಗೆಟಿವ್ ಇದ್ದರೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ. ಆಂಟಿ-ಡಿ ಇಂಜೆಕ್ಷನ್ ಬೇಕಾಗಬಹುದು.

ಸಕ್ಕರೆ ಪರೀಕ್ಷೆ: ಗ್ಲೂಕೋಸ್ ಕುಡಿಸಿ ಎರಡು ಗಂಟೆ ಬಿಟ್ಟು ನೋಡುತ್ತಾರೆ. 140 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಬಸಿರಿನ ಸಕ್ಕರೆ ಕಾಯಿಲೆ.

ಯಾವುದಾದರೂ ಜಾಗ ಖಾಲಿ ಇದ್ದರೆ ಆ ಪರೀಕ್ಷೆ ಆಗಿಲ್ಲ ಅಂತ ತಿಳಿದುಕೊಳ್ಳಿ. ಜಗಳ ಬೇಡ. "ಸಿಸ್ಟರ್, ಇಲ್ಲಿ ಖಾಲಿ ಇದೆ, ಬರೆದುಬಿಡ್ತೀರಾ?" ಅಂದರೆ ಸಾಕು. ಬರೆಯಬೇಕಾದರೆ ಪರೀಕ್ಷೆ ಮಾಡಲೇಬೇಕಲ್ವಾ.

ತಪಾಸಣೆ ಕನಿಷ್ಠ ನಾಲ್ಕು ಸಲ ಆಗಬೇಕು. ಪ್ರತಿ ತಿಂಗಳು 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ವೈದ್ಯರೇ ಕೂತು ಬಸುರಿಯರನ್ನು ಉಚಿತವಾಗಿ ನೋಡಬೇಕು ಅನ್ನುವ ಕೇಂದ್ರದ ಕಾರ್ಯಕ್ರಮ 2016ರಿಂದ ಇದೆ. ಕ್ಯಾಲೆಂಡರಿನಲ್ಲಿ 9ಕ್ಕೆ ಗುರುತು ಹಾಕಿಡಿ.

ಮಾತ್ರೆ ವಿಷಯದಲ್ಲಿ ಒಂದೇ ಮಾತು. ಕೆಂಪು ಕಬ್ಬಿಣದ ಮಾತ್ರೆ ದಿನಕ್ಕೊಂದರಂತೆ 180 ದಿನ. ಕಾಫಿ, ಟೀ ಜೊತೆ ಬೇಡ, ಕ್ಯಾಲ್ಸಿಯಂ ಮಾತ್ರೆ ಜೊತೆಗೂ ಬೇಡ, ನಡುವೆ ಎರಡು ಗಂಟೆ ಬಿಡಿ. ಮಲ ಕಪ್ಪಾಗುತ್ತದೆ, ಹೆದರಬೇಡಿ. "ಮಾತ್ರೆ ತಿಂದರೆ ಮಗು ಕಪ್ಪಾಗುತ್ತೆ" ಅನ್ನೋದು ಸುಳ್ಳು. ಈ ಒಂದು ಮಾತಿನಿಂದ ಎಷ್ಟು ಮಾತ್ರೆ ಹಿತ್ತಲಿಗೆ ಹೋಗಿದೆಯೋ!

ಸ್ಕ್ಯಾನಿಂಗ್ ಬಗ್ಗೆಯೂ ಇಲ್ಲೇ ಹೇಳಬೇಕು. ಗಂಡೋ ಹೆಣ್ಣೋ ಅಂತ ಹೇಳೋದು, ಕೇಳೋದು ಎರಡೂ 1994ರ ಕಾಯ್ದೆಯಂತೆ ಅಪರಾಧ. 2023ರಲ್ಲಿ ಮಂಡ್ಯದ ಆಲೆಮನೆಯೊಂದರಲ್ಲೇ ಸ್ಕ್ಯಾನಿಂಗ್ ನಡೆಯುತ್ತಿದ್ದ ಜಾಲವನ್ನು ಪೊಲೀಸರು ಹಿಡಿದರು. ಬೆಲ್ಲ ಬೇಯುವ ಜಾಗದಲ್ಲಿ ಹೆಣ್ಣುಮಕ್ಕಳ ಲೆಕ್ಕ ಮುಗಿಸುತ್ತಿದ್ದರು ಅಂತ ಓದಿದಾಗ ಹೊಟ್ಟೆ ತೊಳಸಿತ್ತು. ಮನೆಯಲ್ಲಿ ಒತ್ತಾಯ ನಡೆಯುತ್ತಿದ್ದರೆ ಬಸುರಿಗೆ ಒಂದು ವಿಷಯ ತಿಳಿಸಿ: ಅವಳನ್ನು ಗಂಡ ಅಥವಾ ಮನೆಯವರು ಬಲವಂತ ಮಾಡಿರುತ್ತಾರೆ ಅಂತಲೇ ಈ ಕಾಯ್ದೆ ಭಾವಿಸುತ್ತದೆ. ಮಹಿಳಾ ಸಹಾಯವಾಣಿ 181ಕ್ಕೆ ಅವಳು ಧೈರ್ಯವಾಗಿ ಹೇಳಬಹುದು.

ಹಾಗಂತ ಗರ್ಭಪಾತವೇ ಅಪರಾಧ ಅಂತ ತಿಳಿಯಬೇಡಿ. 1971ರ ಕಾಯ್ದೆ ಮತ್ತು ಅದರ 2021ರ ತಿದ್ದುಪಡಿಯಂತೆ 20 ವಾರದವರೆಗೆ ಒಬ್ಬ ನೋಂದಾಯಿತ ವೈದ್ಯರ ಅಭಿಪ್ರಾಯದ ಮೇಲೆ, ಕೆಲವು ಸಂದರ್ಭಗಳಲ್ಲಿ 24 ವಾರದವರೆಗೆ ಇಬ್ಬರ ಅಭಿಪ್ರಾಯದ ಮೇಲೆ ಮಾಡಿಸಿಕೊಳ್ಳಬಹುದು. 18 ತುಂಬಿದವಳಾದರೆ ಅವಳೊಬ್ಬಳ ಒಪ್ಪಿಗೆ ಸಾಕು, ಗಂಡನ ಸಹಿ ಕಾನೂನಿಗೆ ಬೇಕಿಲ್ಲ. ಅವಳ ಹೆಸರನ್ನು ಗುಟ್ಟಾಗಿ ಇಡಬೇಕು. ಮೆಡಿಕಲ್ ಸ್ಟೋರಿನಿಂದ ಮಾತ್ರೆ ತಂದು ಮನೆಯಲ್ಲೇ ನುಂಗೋದು ಮಾತ್ರ ಬೇಡವೇ ಬೇಡ.

ಹಂತ 3: ಊಟ, ಹಣ, ರಜೆ

ಅಂಗನವಾಡಿಯಲ್ಲಿ ಮಾತೃಪೂರ್ಣ ಯೋಜನೆಯ ಬಿಸಿ ಊಟ ಇದೆ, 2017ರ ಅಕ್ಟೋಬರ್ 2ರಿಂದ. ಅನ್ನ, ಸಾಂಬಾರು, ಪಲ್ಯ, ಮೊಟ್ಟೆ, ಹಾಲು, ಚಿಕ್ಕಿ. "ಅಲ್ಲಿ ಹೋಗಿ ತಿನ್ನೋದಾ" ಅಂತ ಮನೆಯವರಿಗೆ ಸಂಕೋಚ. ನಾಲ್ಕು ಜನ ಬಸುರಿಯರು ಒಟ್ಟಿಗೆ ಹೋದರೆ ಸಂಕೋಚ ಹೋಗುತ್ತದೆ. ನೀವು ಮಾಡಬೇಕಾದ್ದು ಅವರನ್ನು ಒಟ್ಟು ಸೇರಿಸೋದು.

ಹಣದ ಯೋಜನೆ ಮುಖ್ಯವಾಗಿ ಎರಡು. ಪ್ರಧಾನ ಮಂತ್ರಿ ಮಾತೃ ವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ 5,000 ರೂಪಾಯಿ, ಎರಡು ಕಂತಿನಲ್ಲಿ: ಮೊದಲು 3,000, ಮಗುವಿನ ಜನನ ನೋಂದಣಿ ಮತ್ತು ಮೊದಲ ಸುತ್ತಿನ ಚುಚ್ಚುಮದ್ದು ಆದ ಮೇಲೆ 2,000. ಎರಡನೆಯದು ಹೆಣ್ಣಾದರೆ 6,000, ಒಂದೇ ಕಂತು. ಅರ್ಜಿ ಅಂಗನವಾಡಿ ಮೂಲಕ. ಇನ್ನೊಂದು ಜನನಿ ಸುರಕ್ಷಾ ಯೋಜನೆ. ಬಿಪಿಎಲ್, ಪರಿಶಿಷ್ಟ ಜಾತಿ, ಪಂಗಡದ ತಾಯಂದಿರು ಆಸ್ಪತ್ರೆಯಲ್ಲಿ ಹೆತ್ತರೆ ನಮ್ಮ ರಾಜ್ಯದಲ್ಲಿ ಹಳ್ಳಿಯವರಿಗೆ 700, ಪಟ್ಟಣದವರಿಗೆ 600 ರೂಪಾಯಿ.

ಹಣ ಬರದೇ ಇರೋಕೆ ಬಹುಪಾಲು ಕಾರಣ ಬ್ಯಾಂಕ್ ಖಾತೆಯೇ. ಖಾತೆ ಗಂಡನ ಹೆಸರಿನಲ್ಲಿರುತ್ತದೆ. ಇಲ್ಲಾ ಮದುವೆಗೆ ಮುಂಚೆ ಮಾಡಿದ ಖಾತೆ ವ್ಯವಹಾರ ಇಲ್ಲದೆ ನಿಂತುಹೋಗಿರುತ್ತದೆ. ಇಲ್ಲಾ ಆಧಾರ್ ಬೇರೆ ಯಾವುದೋ ಬ್ಯಾಂಕಿಗೆ ಜೋಡಣೆಯಾಗಿ ಹಣ ಅಲ್ಲಿಗೆ ಹೋಗಿರುತ್ತದೆ. ಅರ್ಜಿ ಹಾಕುವ ಮುಂಚೆಯೇ ಬ್ಯಾಂಕಿಗೆ ಹೋಗಿ "ಈ ಖಾತೆಗೆ ಆಧಾರ್ ಸೀಡಿಂಗ್ ಆಗಿದೆಯಾ, ಡಿಬಿಟಿ ಹಣ ಇಲ್ಲಿಗೇ ಬರುತ್ತಾ?" ಅಂತ ಕೇಳಿ. ಡಿಬಿಟಿ ಅಂದರೆ ಸರ್ಕಾರದ ಹಣ ನೇರವಾಗಿ ಖಾತೆಗೆ ಬೀಳೋದು.

ಗಾರ್ಮೆಂಟ್ಸಿಗೆ ಹೋಗುವವರು ಗಮನಿಸಿ. 1961ರ ಹೆರಿಗೆ ಸೌಲಭ್ಯ ಕಾಯ್ದೆಯಿಂದ ಬಂದ ಹಕ್ಕು 2017ರ ತಿದ್ದುಪಡಿಯಲ್ಲಿ 26 ವಾರದ ಸಂಬಳ ಸಹಿತ ರಜೆಯಾಯಿತು, ಮೊದಲ ಎರಡು ಮಕ್ಕಳಿಗೆ. ಹೆರಿಗೆಗೆ ಮುಂಚಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿರಬೇಕು. ಇಎಸ್‌ಐ ಕಟ್ಟುತ್ತಿದ್ದರೆ ಈ ಹಣ ಕಂಪನಿ ಬದಲು ಇಎಸ್‌ಐ ಕಚೇರಿಯಿಂದ ಬರುತ್ತದೆ, ಅದಕ್ಕೆ ದಿನದ ಲೆಕ್ಕ ಬೇರೆ. ಬಸುರಿ ಅಂತ ಕೆಲಸದಿಂದ ತೆಗೆಯುವಂತಿಲ್ಲ. "ನೀನೇ ರಾಜೀನಾಮೆ ಬರೆದುಕೊಡು, ಆಮೇಲೆ ಮತ್ತೆ ಸೇರಿಸ್ಕೊಳ್ತೀವಿ" ಅಂದರೆ ಸಹಿ ಹಾಕಬೇಡಿ. ಹಾಕಿದರೆ ರಜೆಯೂ ಇಲ್ಲ, ಹಣವೂ ಇಲ್ಲ.

ಹಂತ 4: ಸೀಮಂತ ಮುಗಿಸಿ ತವರಿಗೆ ಹೋಗುವ ಮುಂಚೆ

ನಮ್ಮ ಕಡೆ ಚೊಚ್ಚಲ ಹೆರಿಗೆ ತವರಲ್ಲಿ. ಏಳನೇ ತಿಂಗಳಲ್ಲಿ ಸೀಮಂತ, ಮಡಿಲು ತುಂಬಿ, ಹಸಿರು ಬಳೆ ತೊಡಿಸಿ ಕಳಿಸುತ್ತಾರೆ. ಒಳ್ಳೆಯ ಸಂಪ್ರದಾಯ, ಹುಡುಗಿಗೆ ಅಮ್ಮನ ಕೈ ಊಟ, ಆರೈಕೆ ಸಿಗುತ್ತದೆ. ಆದರೆ ಲೆಕ್ಕಪತ್ರದಲ್ಲಿ ಅವಳು ಕಳೆದುಹೋಗೋದು ಇಲ್ಲೇ. ಗಂಡನ ಊರಿನ ಆಶಾ "ಅವಳು ತವರಿಗೆ ಹೋದಳು" ಅಂತ ಬಿಡುತ್ತಾರೆ. ತವರಿನ ಆಶಾಗೆ ಅವಳು ಬಂದಿರೋದೇ ಗೊತ್ತಿರಲ್ಲ. ಏಳರಿಂದ ಒಂಬತ್ತು, ಬಿಪಿ ಏರುವ ತಿಂಗಳುಗಳು, ಅವಳನ್ನು ನೋಡುವವರು ಯಾರೂ ಇಲ್ಲ.

ಮೂರು ಕೆಲಸ ಮಾಡಿ. ಹೊರಡುವ ಮುಂಚೆ ಗಂಡನ ಊರಿನ ಆಶಾಗೆ ತವರಿನ ಊರು, ಆ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರ ಯಾವುದು ಅಂತ ಹೇಳಿ. ಎರಡೂ ಊರಿನ ಆಶಾಗಳ ಫೋನ್ ನಂಬರ್ ಕಾರ್ಡಿನ ಹಿಂದೆ ಬರೆಯಿರಿ, ಅವರಿಬ್ಬರನ್ನೂ ಒಮ್ಮೆ ಮಾತಾಡಿಸಿ. ತವರಿಗೆ ಬಂದ ವಾರದೊಳಗೆ ಅದೇ ಕಾರ್ಡ್ ತೋರಿಸಿ ಅಲ್ಲಿ ತಪಾಸಣೆ ಮಾಡಿಸಿ. ಹೊಸ ಕಾರ್ಡ್ ಮಾಡಿಸಬೇಡಿ. ಎರಡು ಕಾರ್ಡ್ ಆದರೆ ಹಳೆಯ ಅಂಕಿಗಳು ಹಿಂದೆ ಉಳಿಯುತ್ತವೆ, ಹಣಕ್ಕೂ ತೊಡಕು.

ಹಂತ 5: ನೋವು ಬರುವ ಮುಂಚೆಯೇ ತೀರ್ಮಾನ ಮಾಡಿ

ಎಂಟನೇ ತಿಂಗಳಲ್ಲಿ ಮನೆಯವರನ್ನೆಲ್ಲ ಕೂರಿಸಿ. ಗಂಡ, ಅತ್ತೆ, ಅಪ್ಪ, ಅಮ್ಮ, ಯಾರು ತೀರ್ಮಾನ ಮಾಡುತ್ತಾರೋ ಅವರೆಲ್ಲ. ನಾಲ್ಕು ಪ್ರಶ್ನೆಗೆ ಉತ್ತರ ಬರೆದುಕೊಳ್ಳಿ. ಯಾವ ಆಸ್ಪತ್ರೆ? 108 ತಡವಾದರೆ ಊರಲ್ಲಿ ಯಾರ ಗಾಡಿ? ಜೊತೆಗೆ ಯಾರು? ರಕ್ತ ಬೇಕಾದರೆ ಕೊಡುವವರು ಯಾರು? ಐದನೆಯದನ್ನು ಬಾಯಿಬಿಟ್ಟು ಹೇಳಿಸಿ: "ಗಂಡ ಮನೆಯಲ್ಲಿ ಇಲ್ಲದಿದ್ದರೂ ಕಾಯದೆ ಕರೆದುಕೊಂಡು ಹೋಗಬಹುದು." ಮೊದಲ ತಡ ಮುರಿಯೋದು ಈ ಮಾತಿನಿಂದಲೇ.

ಯಾವ ಆಸ್ಪತ್ರೆ ಅನ್ನೋದು ಕಾರ್ಡಿನ ಅಂಕಿ ಮೇಲೆ. ಎಲ್ಲ ಸರಿ ಇದ್ದರೆ ಹತ್ತಿರದ ಹೆರಿಗೆ ಮಾಡಿಸುವ ಕೇಂದ್ರ ಅಥವಾ ತಾಲ್ಲೂಕು ಆಸ್ಪತ್ರೆ ಸಾಕು. ಬಿಪಿ, ಅವಳಿ ಮಕ್ಕಳು, ಹಿಂದಿನ ಹೆರಿಗೆ ಸಿಸೇರಿಯನ್, ತೀರಾ ಕಮ್ಮಿ ಎಚ್‌ಬಿ, ಇಂಥವಿದ್ದರೆ ಮಂಡ್ಯದ ಮಿಮ್ಸ್ ಅಥವಾ ಮೈಸೂರಿನ ಚೆಲುವಾಂಬ ಆಸ್ಪತ್ರೆಗೆ ಮುಂಚೆಯೇ ಹೋಗಿ ತೋರಿಸಿಕೊಂಡು ಬನ್ನಿ. ನೋವು ಬಂದ ಮೇಲೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಓಡಾಡುವುದು ತಪ್ಪುತ್ತದೆ. ಎಚ್.ಡಿ. ಕೋಟೆ ಕಡೆಯ ಹಾಡಿಗಳವರು, ರಾತ್ರಿ ಗಾಡಿ ಓಡಾಡದ ಊರಿನವರು, ದಿನ ಹತ್ತಿರ ಬಂದ ಮೇಲೆ ತಾಲ್ಲೂಕು ಕೇಂದ್ರದ ನೆಂಟರ ಮನೆಯಲ್ಲೋ ಆಸ್ಪತ್ರೆಯಲ್ಲೋ ಉಳಿಯುವ ಏರ್ಪಾಡು ಮಾಡಿಕೊಳ್ಳಿ.

108ಕ್ಕೆ ಕರೆ ಮಾಡಿದಾಗ ಗಾಬರಿಯಲ್ಲಿ ಎಲ್ಲ ಒಟ್ಟಿಗೆ ಹೇಳಬೇಡಿ. ತಾಲ್ಲೂಕು, ಊರು, ಗುರುತು (ಡೇರಿ, ಮಾರಮ್ಮನ ಗುಡಿ, ನಾಲೆ ಸೇತುವೆ), ಎಷ್ಟನೇ ಹೆರಿಗೆ, ಈಗ ಏನಾಗುತ್ತಿದೆ. ಕರೆ ಮಾಡಿದ ಸಮಯ ನೋಟ್‌ಬುಕ್ಕಿನಲ್ಲಿ ಬರೆಯಿರಿ.

ಒಂದು ಕ್ಷಣವೂ ಕಾಯಬಾರದ ಲಕ್ಷಣಗಳು: ರಕ್ತ ಹೋಗೋದು, ಫಿಟ್ಸ್, ಮಗು ಅಲ್ಲಾಡೋದು ಕಮ್ಮಿಯಾಗೋದು, ದಿನ ತುಂಬುವ ಮುಂಚೆ ನೀರು ಹೋಗೋದು, ಜ್ವರ, ಉಸಿರು ಕಟ್ಟೋದು, ಕಣ್ಣು ಮಂಜಾಗುವ ತಲೆನೋವು.

ಮನೆಗೆ ಯಾರನ್ನೋ ಕರೆಸಿ ನೋವು ಬರಿಸುವ ಇಂಜೆಕ್ಷನ್ ಹಾಕಿಸಬೇಡಿ. ಗರ್ಭಕೋಶವೇ ಹರಿಯಬಹುದು. ಖಾಸಗಿ ಆಂಬುಲೆನ್ಸಿನವರು "ಅಲ್ಲಿ ಬೆಡ್ ಇಲ್ಲ, ನಾನೊಂದು ನರ್ಸಿಂಗ್ ಹೋಂಗೆ ಕರ್ಕೊಂಡು ಹೋಗ್ತೀನಿ" ಅಂದರೆ ಒಪ್ಪಬೇಡಿ. ಬೆಡ್ ಇದೆಯೋ ಇಲ್ಲವೋ ಆಸ್ಪತ್ರೆಯವರು ಹೇಳಲಿ.

ಹಂತ 6: ಹೆರಿಗೆ ವಾರ್ಡಿನಲ್ಲಿ

ಇಲ್ಲಿ ನಿಮ್ಮ ಆಯುಧ ಜೆಎಸ್‌ಎಸ್‌ಕೆ. ಪೂರ್ತಿ ಹೆಸರು ಜನನಿ ಶಿಶು ಸುರಕ್ಷಾ ಕಾರ್ಯಕ್ರಮ, 2011ರ ಜೂನ್‌ನಿಂದ ಇದೆ. ಇದರಂತೆ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ರಕ್ತ, ಪರೀಕ್ಷೆ ಎಲ್ಲವೂ ಉಚಿತ. ಸಹಜ ಹೆರಿಗೆಗೆ 3 ದಿನ, ಸಿಸೇರಿಯನ್ ಆದರೆ 7 ದಿನದವರೆಗೆ ಊಟ ಉಚಿತ. ಮನೆಯಿಂದ ಆಸ್ಪತ್ರೆಗೆ, ಆಸ್ಪತ್ರೆಯಿಂದ ಆಸ್ಪತ್ರೆಗೆ, ಅಲ್ಲಿಂದ ವಾಪಸ್ ಮನೆಗೆ ಗಾಡಿಯೂ ಉಚಿತ. ವಾಪಸ್ ಬಿಡುವ ಗಾಡಿಗೆ ನಗು-ಮಗು ಅಂತ ಹೆಸರು. ಬಿಪಿಎಲ್ ಆಗಿರಬೇಕು ಅಂತ ಇಲ್ಲ, ಎಷ್ಟನೇ ಮಗು ಅನ್ನೋ ಲೆಕ್ಕವೂ ಇಲ್ಲ.

ಆದರೂ ದುಡ್ಡು ಕೇಳುತ್ತಾರೆ. "ಗಂಡು ಮಗು ಆಯ್ತಲ್ಲ, ಖುಷಿಗೆ ಕೊಡಿ" ಅಂತ ಶುರುವಾಗುತ್ತದೆ. ಖುಷಿಗೆ ಕೊಡುವವರು ಕೊಟ್ಟರೆ, ಕೊಡೋಕೆ ಆಗದವರ ಮಗುವನ್ನು ತಾಯಿ ಪಕ್ಕಕ್ಕೆ ತರೋದೇ ತಡ. ನೀವು ಕೊಡುವ ಐನೂರು ಪಕ್ಕದ ಬೆಡ್ಡಿನವಳ ಮೇಲೆ ಹೊರೆಯಾಗುತ್ತದೆ ಅನ್ನೋದು ನೆನಪಿರಲಿ. ಏನು ಹೇಳಬೇಕು ಅಂದರೆ: "ಕೊಡ್ತೀವಿ ಸಿಸ್ಟರ್, ರಸೀದಿ ಕೊಡಿ." ದನಿ ಏರಿಸಬೇಡಿ. ಇಷ್ಟು ಹೇಳಿ ನೋಟ್‌ಬುಕ್ ತೆಗೆದರೆ ಬಹಳ ಸಲ ಮಾತು ಅಲ್ಲಿಗೇ ನಿಲ್ಲುತ್ತದೆ.

ನೋಟ್‌ಬುಕ್ಕಿನಲ್ಲಿ ಏನು ಬರೆಯಬೇಕು? ಬಂದ ಸಮಯ, ವೈದ್ಯರು ಮೊದಲು ನೋಡಿದ ಸಮಯ, ಹೇಳಿದ ಬಿಪಿ, ಹೊರಗಿನಿಂದ ತರಿಸಿದ ಔಷಧಿ, ಅದರ ಬಿಲ್. ಕಾವಲು ಕಾಯುವ ಪೊಲೀಸರ ಹಾಗೆ ಬರೆಯಬೇಡಿ. ಸಿಬ್ಬಂದಿಯೂ ಸುಸ್ತಾಗಿರುತ್ತಾರೆ. ಒಬ್ಬ ಸಿಸ್ಟರ್ ಆರು ನೋವಿನ ಹೆಂಗಸರನ್ನು ನೋಡಿಕೊಳ್ಳುವ ರಾತ್ರಿಗಳಿವೆ. ನಿಮ್ಮ ಸಿಟ್ಟು ಅವರ ಮೇಲೆ ಬಿದ್ದರೆ ಅನುಭವಿಸೋದು ಒಳಗಿರುವ ನಿಮ್ಮ ಹುಡುಗಿ.

ಒಳಗೆ ಅವಳಿಗೆ ಇರುವ ಹಕ್ಕುಗಳನ್ನು ಅವಳಿಗೂ ಮುಂಚೆಯೇ ಹೇಳಿಕೊಡಿ. ಹೆರಿಗೆ ಕೋಣೆಯ ಗುಣಮಟ್ಟಕ್ಕಾಗಿ 2017ರಲ್ಲಿ ಬಂದ ಲಕ್ಷ್ಯ ಕಾರ್ಯಕ್ರಮದಂತೆ ಜೊತೆಗೆ ಒಬ್ಬ ಹೆಂಗಸು ಇರಬಹುದು. ಪರದೆ ಇರಬೇಕು. ಹೊಡೆಯೋದು, "ಆಗ ಮಜಾ ಮಾಡಿದೆ, ಈಗ ಕಿರುಚ್ತೀಯ" ಅಂತ ಬೈಯೋದು ಯಾವ ಕಾರಣಕ್ಕೂ ಸರಿಯಲ್ಲ. ಅವಳಿಗೆ ಹೇಳದೆ, ಅವಳು ಒಪ್ಪದೆ ಕಾಪರ್-ಟಿ ಹಾಕುವಂತಿಲ್ಲ, ಆಪರೇಷನ್ ಮಾಡುವಂತಿಲ್ಲ. ನೋವಿನ ನಡುವೆ ಕಾಗದಕ್ಕೆ ಸಹಿ ಕೇಳಿದರೆ "ಇದು ಯಾವುದಕ್ಕೆ?" ಅಂತ ಓದಿ ಹೇಳಿಸಿ.

ಬೇರೆ ಆಸ್ಪತ್ರೆಗೆ ಕಳಿಸುತ್ತೇವೆ ಅಂದರೆ ಮೂರು ಕೇಳಿ. ಒಂದು, ರೆಫರಲ್ ಚೀಟಿ: ಕಾರಣ, ಬಿಪಿ, ಕೊಟ್ಟ ಔಷಧಿ, ಸಮಯ ಬರೆದಿರಬೇಕು. ಎರಡು, ಮುಂದಿನ ಆಸ್ಪತ್ರೆಗೆ ಅವರೇ ಫೋನ್ ಮಾಡಬೇಕು. ಮೂರು, ನಂಜು ಅಥವಾ ಫಿಟ್ಸ್ ಆದರೆ "ಮೆಗ್ನೀಷಿಯಂ ಸಲ್ಫೇಟ್ ಮೊದಲ ಡೋಸ್ ಕೊಟ್ಟು ಕಳಿಸ್ತೀರಾ?" ಅಂತ ಕೇಳಿ. ಇದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಕೊಡಬಹುದಾದ ಇಂಜೆಕ್ಷನ್. ದಾರಿಯಲ್ಲಿ ಫಿಟ್ಸ್ ಬರದಂತೆ ತಡೆಯುವುದು ಇದೇ.

ಹಂತ 7: ಬಾಣಂತನದ 42 ದಿನ

ಹೆರಿಗೆ ಸುಸೂತ್ರವಾಯಿತು ಅಂತ ಎಲ್ಲರೂ ಮಗುವಿನ ಕಡೆ ತಿರುಗುತ್ತಾರೆ. ತಾಯಂದಿರ ಸಾವಿನಲ್ಲಿ ದೊಡ್ಡ ಪಾಲು ಹೆರಿಗೆಯ ನಂತರವೇ ಆಗುತ್ತದೆ, ಮೊದಲ ದಿನವೇ ಹೆಚ್ಚು ಅಪಾಯ. ಸಹಜ ಹೆರಿಗೆಯಾದರೂ 48 ಗಂಟೆ ಆಸ್ಪತ್ರೆಯಲ್ಲಿ ಇರಿ. ಪ್ಯಾಡ್ ಐದು ನಿಮಿಷಕ್ಕೇ ತೊಯ್ದುಹೋದರೆ, ಮಾಸು ಪೂರ್ತಿ ಬಿದ್ದಿಲ್ಲ ಅನ್ನಿಸಿದರೆ ಅವಳನ್ನು ಬಿಟ್ಟು ಕದಲಬೇಡಿ, ಸಿಸ್ಟರ್‌ನ ಕರೆಯಿರಿ, ಮತ್ತೆ ಮತ್ತೆ ಕರೆಯಿರಿ.

ಮನೆಗೆ ಬಂದ ಮೇಲೆ ಚಳಿಜ್ವರ, ವಾಸನೆಯ ಸ್ರಾವ, ತೊದಲು ಮಾತು ಕಂಡರೆ ಹಿರಿಯರು "ಬಾಣಂತಿ ಸನ್ನಿ" ಅನ್ನುತ್ತಾರೆ, ಮಂತ್ರ, ಕಷಾಯ ಶುರುವಾಗುತ್ತದೆ. ಅದು ಸೋಂಕು ಅಥವಾ ಮನಸ್ಸಿನ ಕಾಯಿಲೆ, ಎರಡಕ್ಕೂ ಆಸ್ಪತ್ರೆಯಲ್ಲಿ ಮದ್ದಿದೆ. ಕಷಾಯ ಆಮೇಲೆ ಕುಡಿಸಿ. ಬಾಣಂತಿಗೆ ನೀರು ಕಮ್ಮಿ ಕೊಡೋದನ್ನೂ ನಿಲ್ಲಿಸಿ. ಬಾಯಾರಿದಷ್ಟೂ ಕುಡಿಯಲಿ.

ಹಂತ 8: ತಪ್ಪಾದರೆ ಬರೆಯಿರಿ

ವಾಟ್ಸಾಪಿನಲ್ಲಿ ವಿಡಿಯೊ ಹಾಕಿ ಸುಮ್ಮನಾಗಬೇಡಿ. ಒಂದು ಹಾಳೆ, ಒಂದು ಸೀಲು ಮಾಡುವ ಕೆಲಸ ಅದು ಮಾಡುವುದಿಲ್ಲ. ಅರ್ಜಿ ಒಂದು ಪುಟ ಮೀರಬಾರದು. ಹೀಗೆ ಬರೆಯಬಹುದು:

"ದಿನಾಂಕ … ರಂದು ಬೆಳಗ್ಗೆ … ಗಂಟೆಗೆ ನನ್ನ ತಂಗಿಯನ್ನು ಹೆರಿಗೆಗೆ ದಾಖಲಿಸಿದೆವು. ತಾಯಿ ಕಾರ್ಡ್ ಸಂಖ್ಯೆ … . ವೈದ್ಯರು ಮೊದಲು ನೋಡಿದ್ದು … ಗಂಟೆಗೆ. ಔಷಧಿಯನ್ನು ಹೊರಗಿನಿಂದ ತರಿಸಿದರು, … ರೂಪಾಯಿ ಬಿಲ್ ಲಗತ್ತಿಸಿದೆ. ಹೆರಿಗೆ ನಂತರ ವಾರ್ಡಿನಲ್ಲಿ … ರೂಪಾಯಿ ಕೇಳಿ ಪಡೆದರು. ಜೆಎಸ್‌ಎಸ್‌ಕೆ ಪ್ರಕಾರ ಇವೆಲ್ಲ ಉಚಿತವಾಗಿರಬೇಕಿತ್ತು. ಹಣ ವಾಪಸ್ ಕೊಡಿಸಿ, ತೆಗೆದುಕೊಂಡ ಕ್ರಮವನ್ನು 15 ದಿನದೊಳಗೆ ಬರಹದಲ್ಲಿ ತಿಳಿಸಬೇಕೆಂದು ಕೋರುತ್ತೇನೆ."

ಬೈಗುಳ ಬೇಡ, ವಿಶೇಷಣ ಬೇಡ. ಸಮಯ, ಮೊತ್ತ, ಕಾಗದ. ಎರಡು ಪ್ರತಿ ಒಯ್ಯಿರಿ. ಒಂದರ ಮೇಲೆ ಸೀಲು, ತಾರೀಖು ಹಾಕಿಸಿ ವಾಪಸ್ ತನ್ನಿ. ಇದಕ್ಕೆ ಸ್ವೀಕೃತಿ ಅನ್ನುತ್ತಾರೆ. ಸ್ವೀಕೃತಿ ಇಲ್ಲದ ಅರ್ಜಿ ಕೊಟ್ಟರೂ ಒಂದೇ, ಬಿಟ್ಟರೂ ಒಂದೇ. ಸೀಲು ಕೊಡದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ.

ಯಾರಿಗೆ ಕೊಡಬೇಕು ಅನ್ನೋದರಲ್ಲೇ ಬಹಳ ಜನ ಎಡವುತ್ತಾರೆ. ಪ್ರಾಥಮಿಕ ಆರೋಗ್ಯ ಕೇಂದ್ರದ ದೂರು ತಾಲ್ಲೂಕು ಆರೋಗ್ಯಾಧಿಕಾರಿಗೆ. ತಾಲ್ಲೂಕು ಆಸ್ಪತ್ರೆಯದು ಅಲ್ಲಿನ ಆಡಳಿತ ವೈದ್ಯಾಧಿಕಾರಿಗೆ, ಪ್ರತಿ ಜಿಲ್ಲಾ ಆರೋಗ್ಯಾಧಿಕಾರಿಗೆ. ಮಿಮ್ಸ್, ಚೆಲುವಾಂಬ ಎರಡೂ ವೈದ್ಯಕೀಯ ಕಾಲೇಜಿಗೆ ಸೇರಿದವು, ವೈದ್ಯಕೀಯ ಶಿಕ್ಷಣ ಇಲಾಖೆಯ ಕೆಳಗೆ ಬರುತ್ತವೆ. ಅಲ್ಲಿಯ ದೂರನ್ನು ವೈದ್ಯಕೀಯ ಅಧೀಕ್ಷಕರಿಗೆ ಮತ್ತು ಸಂಸ್ಥೆಯ ಮುಖ್ಯಸ್ಥರಿಗೆ ಕೊಡಿ. ಆರೋಗ್ಯ ಇಲಾಖೆಗೆ ಕೊಟ್ಟರೆ "ನಮಗೆ ಬರಲ್ಲ" ಅಂತ ವಾರಗಟ್ಟಲೆ ಅಲೆಸುತ್ತಾರೆ. ಖಾಸಗಿ ಆಸ್ಪತ್ರೆಯಾದರೆ 2007ರ ಕೆಪಿಎಂಇ ಕಾಯ್ದೆಯಡಿ, ಅಂದರೆ ರಾಜ್ಯದ ಖಾಸಗಿ ಆಸ್ಪತ್ರೆಗಳ ಕಾಯ್ದೆಯಡಿ, ಜಿಲ್ಲಾಧಿಕಾರಿ ನೇತೃತ್ವದ ಪ್ರಾಧಿಕಾರಕ್ಕೆ.

ಅವತ್ತೇ ಪರಿಹಾರ ಬೇಕಾದರೆ ಆರೋಗ್ಯ ಸಹಾಯವಾಣಿ 104. ಲಂಚ ಕೇಳಿ ಪಟ್ಟು ಹಿಡಿದರೆ, ಕೊಡುವ ಮುಂಚೆಯೇ ಲೋಕಾಯುಕ್ತ ಪೊಲೀಸರಿಗೆ ಹೇಳಿ. ಮಂಡ್ಯ, ಮೈಸೂರು ಎರಡರಲ್ಲೂ ಅವರ ಠಾಣೆ ಇದೆ. ವಕೀಲರು ಬೇಕಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ನೆರವು ಉಚಿತ. ಫೋನ್ 15100.

ತಾಯಿ ತೀರಿಕೊಂಡರೆ? ಬರೆಯೋಕೆ ಕೈ ಬರಲ್ಲ, ಆದರೆ ಬರೆಯಲೇಬೇಕು. ಬಸಿರಿನಲ್ಲಿ ಅಥವಾ ಹೆರಿಗೆಯಾದ 42 ದಿನದೊಳಗೆ ಬಸಿರು, ಹೆರಿಗೆಯ ಕಾರಣಕ್ಕೆ ಆದ ಪ್ರತಿ ಸಾವಿನ ಪರಿಶೀಲನೆ ಆಗಬೇಕು. ಇದಕ್ಕೆ ತಾಯಿ ಮರಣ ಪರಿಶೀಲನೆ ಅನ್ನುತ್ತಾರೆ. ಜಿಲ್ಲಾಧಿಕಾರಿ ನಡೆಸುವ ಸಭೆಗೆ ಮನೆಯವರನ್ನೂ ಕರೆದು ಕೇಳುವ ಕ್ರಮ ಇದೆ. ಕರೆ ಬರದಿದ್ದರೆ "ನಮ್ಮನ್ನೂ ಕೇಳಿ" ಅಂತ ಜಿಲ್ಲಾಧಿಕಾರಿಗೇ ಅರ್ಜಿ ಕೊಡಿ. ತಾಯಿ ಕಾರ್ಡ್, ರೆಫರಲ್ ಚೀಟಿ, ನೋಟ್‌ಬುಕ್ ಯಾರು ಕೇಳಿದರೂ ಮೂಲ ಪ್ರತಿ ಕೊಡಬೇಡಿ, ಜೆರಾಕ್ಸ್ ಕೊಡಿ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ಸತ್ತಾಗ, ಡ್ರಿಪ್‌ನಲ್ಲಿ ಕೊಟ್ಟ ದ್ರಾವಣದ ಮೇಲೆ ಅನುಮಾನ ಬಂದದ್ದು, ರಾಜ್ಯದಲ್ಲಿ ಅದರ ಬಳಕೆ ನಿಂತದ್ದು ಸಾವುಗಳನ್ನು ಒಟ್ಟಿಗೆ ಇಟ್ಟು ನೋಡಿದ್ದರಿಂದ.

ಹಂತ 9: ಒಬ್ಬಳಿಗೆ ಆದದ್ದು ಊರಿಗೆಲ್ಲ ಆಗಲಿ

ಪ್ರತಿ ಊರಿಗೂ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿ ಇರುತ್ತದೆ. ವರ್ಷಕ್ಕೆ 10,000 ರೂಪಾಯಿವರೆಗೆ ಅದಕ್ಕೆ ಹಣ ಬರುವ ವ್ಯವಸ್ಥೆ ಇದೆ. ಬಸುರಿಯನ್ನು ಸಾಗಿಸುವ ಖರ್ಚಿಗೆ ಅದನ್ನು ಬಳಸಬಹುದು. ನಿಮ್ಮೂರಿನ ಸಮಿತಿಯಲ್ಲಿ ಯಾರಿದ್ದಾರೆ ಅಂತ ಆಶಾಳನ್ನು ಕೇಳಿ. ಮುಂದಿನ ಸಭೆಗೆ ನೀವೂ ಹೋಗಿ.

ಕೇಂದ್ರದಲ್ಲಿ ಕಬ್ಬಿಣದ ಮಾತ್ರೆ ಇಲ್ಲ, ರಾತ್ರಿ ಹೆರಿಗೆ ಮಾಡಿಸುವವರಿಲ್ಲ ಅನ್ನೋ ದೂರು ಪದೇ ಪದೇ ಬಂದರೆ ಮಾಹಿತಿ ಹಕ್ಕಿನಲ್ಲಿ ಕೇಳಿ. ಶುಲ್ಕ 10 ರೂಪಾಯಿ, ಬಿಪಿಎಲ್ ಆದರೆ ಅದೂ ಇಲ್ಲ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. "ಯಾಕೆ ಕೊಡಲಿಲ್ಲ?" ಅಂತ ಕೇಳಿದರೆ ಉತ್ತರ ಬರಲ್ಲ. "ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ಕಬ್ಬಿಣದ ಮಾತ್ರೆಯ ದಾಸ್ತಾನು ಪುಸ್ತಕದ ಪ್ರತಿ ಕೊಡಿ" ಅಂತ ಕೇಳಿ. 30 ದಿನದಲ್ಲಿ ಉತ್ತರ ಬರಬೇಕು. ಬರದಿದ್ದರೆ ಮುಂದಿನ 30 ದಿನದೊಳಗೆ ಮೇಲ್ಮನವಿ.

ಆ ಪ್ರತಿ ಕೈಗೆ ಬಂದ ಮೇಲೆ ಗ್ರಾಮಸಭೆಗೆ ಒಯ್ಯಿರಿ. ಎದ್ದು ನಿಂತು ಓದಿ. ಸಂಘದ ನಾಲ್ಕು ಹೆಂಗಸರು ಪಕ್ಕದಲ್ಲಿ ನಿಂತಿರಲಿ. "ಪರಿಶೀಲಿಸೋಣ" ಅಂದರೆ ಕೂರಬೇಡಿ, "ನಡಾವಳಿ ಪುಸ್ತಕದಲ್ಲಿ ಬರೆಯಿರಿ, ಬರೆದದ್ದನ್ನು ಓದಿ ಹೇಳಿ" ಅನ್ನಿ. ಪಿಡಿಒ ಓದಿ ಹೇಳುವವರೆಗೆ ನಿಂತಿರಿ, ಆಮೇಲೆ ಆ ಪುಟದ ಫೋಟೊ ತೆಗೆದುಕೊಂಡು ಮನೆಗೆ ಬನ್ನಿ.